ಹನ್ನೆರಡು ಗ್ರಾಂ ಜೀವಕ್ಕೆ ಎಷ್ಟು ಮದ್ದು?

ಮಾತಾಡುವವರಲ್ಲಿ ಒಬ್ಬರು ಪಶುಪಾಲನಾ ಇಲಾಖೆಯಲ್ಲಿ ದುಡಿದು ಈಗ ಮಧುಗಿರಿಯಲ್ಲಿ ನೆಲೆ ನಿಂತವರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಕುರಿ, ದನ, ಕೋಳಿಗಳ ನಡುವೆಯೇ ಅವರ ನೌಕರಿ ಕಳೆದಿದೆ. ಇನ್ನೊಬ್ಬಳು ಅವರ ತಮ್ಮನ ಮಗಳು, ಪಾವಗಡದಲ್ಲಿ ಶಾಲೆಯ ಟೀಚರ್. ಅವಳ ಮನೆಯಲ್ಲಿ ಎರಡು ಪಂಜರಗಳಿವೆ. ಒಂದರಲ್ಲಿ ಜೀಬ್ರಾ ಫಿಂಚ್, ಇನ್ನೊಂದರಲ್ಲಿ ಡೈಮಂಡ್ ಡವ್ ಅನ್ನುವ ಪುಟ್ಟ ಬೆಳವಗಳು.

— ದೊಡ್ಡಪ್ಪ, ಹಕ್ಕಿ ಸಾಕೋರೆಲ್ಲ ಒಂದೇ ಮಾತು ಹೇಳ್ತಾರೆ. ‘ರಾತ್ರಿ ಚೆನ್ನಾಗಿತ್ತು, ಬೆಳಿಗ್ಗೆ ಎದ್ದು ನೋಡಿದ್ರೆ ಪಂಜರದ ತಳದಲ್ಲಿ ಬಿದ್ದಿತ್ತು’ ಅಂತ. ಅಷ್ಟು ಬೇಗ ಸಾಯುತ್ತಾ?

— ಬೇಗ ಸಾಯಲ್ಲ ಕಣಮ್ಮ, ಬೇಗ ತೋರಿಸ್ಕೊಳ್ಳಲ್ಲ. ಹಿಂಡಿನಲ್ಲಿ ಸೊರಗಿದ್ದು ಯಾವುದು ಅಂತ ಗಿಡುಗ ಮೇಲಿಂದ ನೋಡ್ತಾ ಇರುತ್ತೆ. ಅದಕ್ಕೇ ಕಾಯಿಲೆ ಬಿದ್ದ ಹಕ್ಕಿ ಕೈಲಾಗೋವರೆಗೂ ಚೆನ್ನಾಗಿರೋ ಹಾಗೆ ನಟಿಸುತ್ತೆ. ಪಂಜರದಲ್ಲಿ ಹುಟ್ಟಿ ಬೆಳೆದಿದ್ದಕ್ಕೂ ಆ ಗುಣ ಹೋಗಿಲ್ಲ. ನಿನ್ನ ಕಣ್ಣಿಗೆ ಬೀಳೋ ಹೊತ್ತಿಗೆ ಕಾಯಿಲೆ ಹಳೇದಾಗಿರುತ್ತೆ.

— ಹಾಗಾದ್ರೆ ಮುಂಚೆಯೇ ಗೊತ್ತಾಗೋದು ಹೇಗೆ?

— ಬೆಳಿಗ್ಗೆ ಪಂಜರದ ಹತ್ರ ಹೋಗ್ಬೇಡ. ಬಾಗಿಲ ಸಂದಿಯಿಂದ ನೋಡು. ನೀನು ಎದುರು ಬಂದ್ರೆ ಅದು ಮೈ ಬಿಗಿ ಮಾಡ್ಕೊಂಡು ನೆಟ್ಟಗೆ ಕೂತ್ಬಿಡುತ್ತೆ. ಯಾರೂ ಇಲ್ಲ ಅಂದ್ಕೊಂಡಾಗ ಪುಕ್ಕ ಉಬ್ಬಿಸ್ಕೊಂಡು ಉಂಡೆ ಹಾಗೆ ಕೂತಿದ್ರೆ, ಹಗಲು ಹೊತ್ತು ಕಣ್ಣು ಮುಚ್ಚಿದ್ರೆ, ಉಸಿರಿಗೊಂದು ಸಲ ಬಾಲ ಮೇಲೆ ಕೆಳಗೆ ಆಡ್ತಿದ್ರೆ ಅನುಮಾನ ಪಡು. ಚೆನ್ನಾಗಿರೋ ಹಕ್ಕಿ ಸಾಮಾನ್ಯವಾಗಿ ಒಂದು ಕಾಲು ಮಡಚಿ ನಿದ್ದೆ ಮಾಡುತ್ತೆ. ಎರಡೂ ಕಾಲಲ್ಲಿ ಕಡ್ಡಿ ಹಿಡ್ಕೊಂಡು ತೂಕಡಿಸ್ತಿದ್ರೆ ನಿತ್ರಾಣ ಆಗಿದೆ ಅಂತ ತಿಳ್ಕೊ. ಆಮೇಲೆ ತಳಕ್ಕೆ ಹಾಸಿದ ಪೇಪರ್ ನೋಡು. ಹಿಕ್ಕೆಯಲ್ಲಿ ಕಪ್ಪು ಭಾಗ ಒಂದು, ಬಿಳೀ ಸುಣ್ಣದಂಥದು ಒಂದು, ಸುತ್ತ ಒಂದಿಷ್ಟು ತೇವ ಇರ್ಬೇಕು. ಕಪ್ಪು ಹೋಗಿ ಕಡು ಹಸಿರು ನೀರಾಗಿದ್ರೆ ಹೊಟ್ಟೆಗೆ ಏನೂ ಬಿದ್ದಿಲ್ಲ ಅಂತ ಅರ್ಥ.

— ಬಟ್ಟಲ ತುಂಬ ಕಾಳು ಇದ್ರೂನಾ?

— ಅದು ಕಾಳಲ್ಲ, ಹೊಟ್ಟು! ಫಿಂಚ್ ಕಾಳು ಸುಲಿದು ತಿನ್ನುತ್ತೆ, ಸಿಪ್ಪೆನ ಅಲ್ಲೇ ಉದುರಿಸುತ್ತೆ. ಮೇಲಿಂದ ನೋಡಿದ್ರೆ ಬಟ್ಟಲು ತುಂಬಿದ ಹಾಗೇ ಕಾಣುತ್ತೆ. ದಿನಕ್ಕೊಂದು ಸಲ ಉಫ್ ಅಂತ ಊದಿ ನೋಡ್ಬೇಕು. ಜೀಬ್ರಾ ಫಿಂಚ್ ತೂಕ ಎಷ್ಟು ಗೊತ್ತಾ? ಹನ್ನೆರಡರಿಂದ ಹದಿನೈದು ಗ್ರಾಂ. ಅಷ್ಟು ಸಣ್ಣ ಮೈಯಲ್ಲಿ ಕೂಡಿಟ್ಟ ಕೊಬ್ಬು ಎಷ್ಟಿದ್ದೀತು? ಒಂದು ಹಗಲು ಉಪವಾಸ ಬಿದ್ರೆ ರಾತ್ರಿ ದಾಟೋದೇ ಕಷ್ಟ. ಕಾಯಿಲೆಯಿಂದ ಸತ್ತವು ಅಂತ ನನ್ನ ಹತ್ರ ತಂದ ಎಷ್ಟೋ ಹಕ್ಕಿಗಳು ಹಸಿವಿನಿಂದ ಸತ್ತಿದ್ದವು. ಎದೆ ಮುಟ್ಟಿದ್ರೆ ಮಧ್ಯದ ಮೂಳೆ ಚಾಕು ಹಾಗೆ ಕೈಗೆ ಸಿಗ್ತಿತ್ತು.

— ಸರಿ, ಒಂದು ಹಕ್ಕಿ ಉಬ್ಬಿಸ್ಕೊಂಡು ಕೂತಿದೆ ಅಂತ ಇಟ್ಕೊಳ್ಳಿ. ಮೊದಲು ಯಾವ ಔಷಧಿ ಕೊಡ್ಲಿ?

— ನೋಡು, ಎಲ್ಲರೂ ಕೇಳೋದು ಅದನ್ನೇ. ಮೊದಲು ಔಷಧಿ ಬೇಡ. ಮೊದಲು ಶಾಖ ಕೊಡು. ನಮ್ಮ ಮೈ ಶಾಖ 37 ಡಿಗ್ರಿ ಆದ್ರೆ ಅದರದ್ದು 40 ದಾಟಿರುತ್ತೆ. ಅಷ್ಟು ಶಾಖ ಉಳಿಸ್ಕೊಳ್ಳೋಕೇ ತಿಂದಿದ್ದರಲ್ಲಿ ಬಹುಪಾಲು ಖರ್ಚಾಗುತ್ತೆ. ಕಾಯಿಲೆ ಬಿದ್ದು ತಿನ್ನೋದು ಕಡಿಮೆಯಾದ್ರೆ ಒಲೆಗೆ ಸೌದೆ ಇಲ್ಲದ ಹಾಗೆ. ಅದರ ಸುತ್ತ 30 ಡಿಗ್ರಿ ಆಸುಪಾಸು ಬೆಚ್ಚಗಿಟ್ರೆ ಆ ಖರ್ಚು ಉಳಿದು ಮೈ ಕಾಯಿಲೆ ಜೊತೆ ಗುದ್ದಾಡುತ್ತೆ. ಧನುರ್ಮಾಸದ ಚಳಿಯಲ್ಲಿ ಮಧುಗಿರಿ ಬೆಟ್ಟದ ಬುಡದಲ್ಲಿ ಸಾಯೋ ಫಿಂಚ್‌ಗಳಲ್ಲಿ ಅರ್ಧದಷ್ಟನ್ನ ಒಂದು ಬಲ್ಬಿನಿಂದ ಉಳಿಸಬಹುದು ಅಂತ ನನ್ನ ನಂಬಿಕೆ.

— ನಮ್ಮನೇಲಿ ಇರೋದೆಲ್ಲ ಎಲ್‌ಇಡಿ.

— ಅದೇ ತಾಪತ್ರಯ. ಎಲ್‌ಇಡಿ ಬೆಳಕು ಕೊಡುತ್ತೆ, ಬಿಸಿ ಕೊಡಲ್ಲ. ಹಳೇ ತಂತಿ ಬಲ್ಬು ಬೇಕು, 40ದೋ 60ದೋ. ಕೋಳಿ ಫಾರಂಗೆ ಸಾಮಾನು ಮಾರೋ ಅಂಗಡಿಗೆ ಹೋಗು, ಮರಿಗೆ ಶಾಖ ಕೊಡೋಕೆ ಈಗಲೂ ಇಟ್ಟಿರ್ತಾರೆ. ಒಂದು ಸಣ್ಣ ಪಂಜರ ತಗೊಂಡು ಮೂರು ಕಡೆ ಬಟ್ಟೆ ಹೊದಿಸು. ಬಲ್ಬನ್ನ ಪಂಜರದ ಹೊರಗೆ, ಒಂದೇ ಪಕ್ಕದಲ್ಲಿ ಇಡು. ಇನ್ನೊಂದು ಪಕ್ಕ ತಣ್ಣಗಿರಲಿ. ಬಿಸಿ ಹೆಚ್ಚಾಯ್ತು ಅನ್ನಿಸಿದ್ರೆ ಹಕ್ಕಿ ತಾನೇ ಸರ್ಕೊಂಡು ಹೋಗ್ಬೇಕು. ಬಟ್ಟೆಗೆ ಬಲ್ಬು ತಾಗದ ಹಾಗೆ ನೋಡ್ಕೊ, ಹಕ್ಕಿ ಉಳಿಸೋಕೆ ಹೋಗಿ ಮನೆ ಸುಟ್ಕೋಬೇಡ. ಕೊಕ್ಕು ತೆರೆದು ಏದುಸಿರು ಬಿಡ್ತಾ ರೆಕ್ಕೆ ಮೈಯಿಂದ ದೂರ ಹಿಡಿದ್ರೆ ಶಾಖ ಜಾಸ್ತಿಯಾಗಿದೆ ಅಂತ. ಕಡ್ಡಿ ತೆಗೆದುಬಿಡು ಅಥವಾ ನೆಲಕ್ಕೆ ಹತ್ರ ಕಟ್ಟು, ಕಾಳು ನೀರು ಮೂತಿ ಹತ್ರವೇ ಇಡು. ಕರೆಂಟ್ ಹೋದ್ರೆ ಬಾಟಲಿಗೆ ಬಿಸಿನೀರು ತುಂಬಿ ಟವೆಲ್ ಸುತ್ತಿ ಪಕ್ಕಕ್ಕಿಡು.

— ಪಾವಗಡದಲ್ಲಿ ಕೂತು ಶಾಖದ ಮಾತು ಕೇಳೋದು ತಮಾಷೆ ಅನ್ಸುತ್ತೆ ದೊಡ್ಡಪ್ಪ. ತಿರುಮಣಿ ಸುತ್ತ 13,000 ಎಕರೆಗೆ ಸೋಲಾರ್ ಪಾರ್ಕ್ ಮಾಡಿರೋದೇ ಅಷ್ಟು ಬಿಸಿಲಿದೆ ಅಂತ.

— ಬೇಸಿಗೇಲಿ ನಿನ್ನ ಸಮಸ್ಯೆ ಉಲ್ಟಾ, ನಿಜ. ಜೀಬ್ರಾ ಫಿಂಚೂ ಡೈಮಂಡ್ ಡವ್ವೂ ಆಸ್ಟ್ರೇಲಿಯಾದ ಒಣನೆಲದವು, ಒಣಬಿಸಿಲು ಅವಕ್ಕೆ ಹೊಸದಲ್ಲ. ಆದ್ರೆ ಕಾಡಲ್ಲಿ ಅವು ನೆರಳಿಗೆ ಹಾರಿ ಹೋಗ್ತವೆ, ಶೀಟಿನ ಮನೆಯ ಪಂಜರದಿಂದ ಎಲ್ಲಿಗೆ ಹೋಗ್ತವೆ? ಏಪ್ರಿಲ್ ಮಧ್ಯಾಹ್ನ ಶೀಟಿನ ಕೆಳಗೆ ತೂಗುಹಾಕಿದ ಪಂಜರಕ್ಕೂ ಒಲೆಗೂ ಜಾಸ್ತಿ ದೂರ ಇಲ್ಲ. ನೆಲದ ಮೇಲಿಡು, ಒದ್ದೆ ಗೋಣಿ ಪಕ್ಕಕ್ಕೆ ಕಟ್ಟು, ಅಗಲ ತಟ್ಟೇಲಿ ಮೀಯೋಕೆ ನೀರಿಡು.

— ಶಾಖ ಕೊಟ್ಟಾಯ್ತು. ಈಗಲಾದ್ರೂ ಔಷಧಿ ಹೇಳಿ.

— ಈಗ ನಿನಗೊಂದು ಲೆಕ್ಕ ಕೊಡ್ತೀನಿ, ನೀನೇ ಮಾಡು. ಶಿರಾ ಕಡೆ ಕುರಿ ಇರೋ ಮನೇಲೆಲ್ಲ ಐವರ್‌ಮೆಕ್ಟಿನ್ ಬಾಟಲಿ ಇರುತ್ತೆ, ಜಂತು ಉಣ್ಣೆಗೆ ಅಂತ. ಅದೇ ಔಷಧಿ ಫಿಂಚ್‌ಗೂ ಬರುತ್ತೆ. ಅದರ ಉಸಿರಿನ ನಾಳದಲ್ಲಿ, ಗಾಳಿಚೀಲದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಸೇರ್ಕೊಳ್ಳುತ್ತೆ. ಆಗ ಹಕ್ಕಿ ಹಾಡು ನಿಲ್ಸುತ್ತೆ, ರಾತ್ರಿ ಕಿವಿಗೊಟ್ರೆ ಉಸಿರಿನ ಜೊತೆ ಟಿಕ್ ಟಿಕ್ ಅಂತ ಸದ್ದು ಕೇಳುತ್ತೆ. ಕುರಿಗೆ ಚುಚ್ಚೋ ಔಷಧಿ ಒಂದು ಪರ್ಸೆಂಟ್ ಇರುತ್ತೆ, ಅಂದ್ರೆ ಒಂದು ಮಿಲಿಯಲ್ಲಿ 10 ಮಿಲಿಗ್ರಾಂ. ಹಕ್ಕಿಗೆ ಕೊಡೋ ಪ್ರಮಾಣ ಕಿಲೋ ತೂಕಕ್ಕೆ 0.2 ಮಿಲಿಗ್ರಾಂ. ಹದಿನೈದು ಗ್ರಾಂ ಹಕ್ಕಿಗೆ ಎಷ್ಟಾಯ್ತು?

— 0.003 ಮಿಲಿಗ್ರಾಂ.

— ಬಾಟಲಿಯಿಂದ ಒಂದೇ ಒಂದು ಹನಿ ಬಿಟ್ರೆ?

— ಒಂದು ಹನಿ 0.05 ಮಿಲಿ ಅಂದ್ಕೊಂಡ್ರೆ... ಅರ್ಧ ಮಿಲಿಗ್ರಾಂ. ಅಯ್ಯೋ, ನೂರೈವತ್ತು ಪಟ್ಟಿಗೂ ಮೇಲೆ!

— ‘ಒಂದೇ ಹನಿ ಹಾಕಿದ್ದು ಸಾರ್’ ಅಂತಾರೆ. ಕುರಿಗೆ ಒಂದು ಹನಿ ಲೆಕ್ಕಕ್ಕೇ ಇಲ್ಲ, ಫಿಂಚ್‌ಗೆ ಅದು ವಿಷ. ಡಾಕ್ಟರು ಅದನ್ನ ಬೇರೆ ದ್ರವದಲ್ಲಿ ತೆಳು ಮಾಡಿ, ಕತ್ತಿನ ಹಿಂದೆ ಪುಕ್ಕ ಸರಿಸಿ, ಚರ್ಮದ ಮೇಲೆ ತಾಗಿಸ್ತಾರೆ. ಮನೇಲಿ ಅಂದಾಜಿಗೆ ಮಾಡೋ ಕೆಲಸ ಅಲ್ಲ. ನಮ್ಮ ನಾಲ್ಕು ತಾಲ್ಲೂಕಿನ ಕೈಯೆಲ್ಲ ಕುರಿ, ದನದ ತೂಕಕ್ಕೆ ಪಳಗಿದ ಕೈ. ಪುಟ್ಟ ಹಕ್ಕಿಗಳು ಕಾಯಿಲೆಗಿಂತ ಹೆಚ್ಚಾಗಿ ಆ ಅಂದಾಜಿಗೆ ಬಲಿಯಾಗ್ತವೆ.

— ಅಂಗಡಿಯವರು ಟೆಟ್ರಾಸೈಕ್ಲಿನ್ ಪುಡಿ ಕೊಡ್ತಾರಲ್ಲ, ನೀರಿಗೆ ಬೆರೆಸಿ ಇಡಿ ಅಂತ? ಅದು ತೆಳುವೇ ಇರುತ್ತಲ್ವಾ?

— ಕಾಯಿಲೆ ಬಿದ್ದಿದ್ದು ನೀರು ಕುಡಿಯೋದೇ ಕಡಿಮೆ. ಅದರಲ್ಲೂ ಜೀಬ್ರಾ ಫಿಂಚ್ ಒಣನೆಲದ ಹಕ್ಕಿ, ನೀರಿಲ್ಲದೆ ಬಹಳ ದಿನ ತಡ್ಕೊಳ್ಳುತ್ತೆ. ನೀರು ಕಹಿಯಾದ್ರೆ ಮುಟ್ಟೋದೇ ಇಲ್ಲ. ಔಷಧಿ ಬಟ್ಟಲಲ್ಲೇ ಉಳಿಯುತ್ತೆ, ಕಾಯಿಲೆ ಹಕ್ಕಿಯಲ್ಲೇ ಉಳಿಯುತ್ತೆ. ಇನ್ನೊಂದು ವಿಷಯ. ಆ ಪುಡಿ ಕೆಲಸ ಮಾಡೋದು ಬ್ಯಾಕ್ಟೀರಿಯಾ ಮೇಲೆ. ನಿನ್ನ ಬೆಳವಕ್ಕೆ ಬರೋ ದೊಡ್ಡ ಕಾಯಿಲೆ ಬ್ಯಾಕ್ಟೀರಿಯಾದ್ದಲ್ಲ.

— ಯಾವುದು?

— ಕ್ಯಾಂಕರ್ ಅಂತಾರೆ. ಟ್ರೈಕೊಮೊನಾಸ್ ಅನ್ನೋ ಒಂದೇ ಜೀವಕೋಶದ ಪರಾವಲಂಬಿ ಅದಕ್ಕೆ ಕಾರಣ. ಪಾರಿವಾಳ, ಬೆಳವದ ಜಾತಿಗೆ ಅದು ಹಳೇ ಶತ್ರು. ಹಕ್ಕಿ ಕಾಳು ಎತ್ತುತ್ತೆ, ನುಂಗೋಕಾಗದೆ ಉದುರಿಸುತ್ತೆ, ಕತ್ತು ಚಾಚಿ ಚಾಚಿ ನುಂಗೋ ಪ್ರಯತ್ನ ಮಾಡುತ್ತೆ. ಕೊಕ್ಕು ತೆರೆದು ಟಾರ್ಚ್ ಹಾಕಿದ್ರೆ ಗಂಟಲಲ್ಲಿ ಹಳದಿ ಗಿಣ್ಣಿನಂಥ ಗಡ್ಡೆ ಕಾಣುತ್ತೆ. ವಾಸನೆ ಕೂಡ ಬರುತ್ತೆ. ಅದನ್ನ ಕಡ್ಡಿಯಿಂದ ಕೆರೆದು ತೆಗೀಬೇಡ, ರಕ್ತ ಹರಿದು ಅಲ್ಲೇ ಸಾಯುತ್ತೆ. ಮೆಟ್ರೊನಿಡಜೋಲ್ ಗುಂಪಿನ ಔಷಧಿಗೆ ಬಗ್ಗುತ್ತೆ, ಆದರೆ ಪ್ರಮಾಣ ಡಾಕ್ಟರೇ ತೂಕ ನೋಡಿ ಹೇಳ್ಬೇಕು. ತಂದೆತಾಯಿ ಹಕ್ಕಿ ತಮ್ಮ ಗಂಟಲ ಚೀಲದ ಹಾಲನ್ನ ಮರಿ ಬಾಯಿಗೆ ಊಡುತ್ತಲ್ಲ, ಆಗ ಮರಿಗೂ ದಾಟುತ್ತೆ. ಒಂದೇ ಬಟ್ಟಲ ನೀರಿನಿಂದ ಪಕ್ಕದ ಹಕ್ಕಿಗೂ ದಾಟುತ್ತೆ. ಒಣಗಿದ್ರೆ ಆ ಜೀವಿ ಸಾಯುತ್ತೆ. ಅದಕ್ಕೆ ಬಟ್ಟಲು ತೊಳೆದು ಬಿಸಿಲಲ್ಲಿ ಒಣಗಿಸಿ ಮತ್ತೆ ನೀರು ಹಾಕು. ಪಾವಗಡದ ಬಿಸಿಲು ಈ ಕೆಲಸಕ್ಕಾದ್ರೂ ಬರಲಿ.

— ಇಷ್ಟೆಲ್ಲ ಪರೀಕ್ಷೆ ಮಾಡೋಕೆ ನಮ್ಮ ತಾಲ್ಲೂಕು ಆಸ್ಪತ್ರೇಲಿ ಹಕ್ಕಿ ಡಾಕ್ಟರು ಎಲ್ಲಿದ್ದಾರೆ? ಎಮ್ಮೆ ಇಂಜೆಕ್ಷನ್‌ಗೆ ನಿಂತ ಸಾಲಿನಲ್ಲಿ ಪಂಜರ ಹಿಡ್ಕೊಂಡು ನಿಂತ್ರೆ ಜನ ನಗ್ತಾರೆ.

— ನಗಲಿ ಬಿಡು. ಹಕ್ಕಿಗೇ ಅಂತ ಬೇರೆ ಡಾಕ್ಟರು ಬೇಡ, ಸೂಕ್ಷ್ಮದರ್ಶಕ ಸಾಕು. ಕುರಿ ಹಿಕ್ಕೆಯಲ್ಲಿ ಜಂತಿನ ಮೊಟ್ಟೆ ಹುಡುಕೋ ಸೂಕ್ಷ್ಮದರ್ಶಕದಲ್ಲೇ ಹಕ್ಕಿ ಹಿಕ್ಕೆಯ ಕಾಕ್ಸಿಡಿಯಾ ಅನ್ನೋ ಕರುಳಿನ ಪರಾವಲಂಬಿ ಕಾಣುತ್ತೆ. ಗಂಟಲಿಂದ ತೆಗೆದ ತೇವ ಬೆಚ್ಚಗಿರುವಾಗಲೇ ಗಾಜಿನ ಮೇಲಿಟ್ರೆ ಟ್ರೈಕೊಮೊನಾಸ್ ಓಡಾಡೋದು ಕಾಣುತ್ತೆ. ನೀನು ಹೋಗಿ ‘ಸಾರ್, ಏನಾದ್ರೂ ಔಷಧಿ ಕೊಡಿ’ ಅಂದ್ರೆ ಅವರೂ ಅಂದಾಜಿಗೆ ಕೊಡ್ತಾರೆ. ಅದರ ಬದಲು ಅವತ್ತಿನ ಹಿಕ್ಕೆಯ ಪೇಪರ್ ಮಡಚಿ ತಗೊಂಡು ಹೋಗು. ಹಕ್ಕಿ ತೂಕ ಬರೆದ್ಕೊಂಡು ಹೋಗು. ಬಂಗಾರದ ಅಂಗಡಿಯವರು ಇಟ್ಟಿರೋಂಥ ಸಣ್ಣ ತಕ್ಕಡಿ ಈಗ ಕಡಿಮೆ ಬೆಲೆಗೆ ಸಿಗುತ್ತೆ. ವಾರಕ್ಕೊಂದು ಸಲ ತೂಗಿ ಬರೆದಿಟ್ರೆ ಕಾಯಿಲೆ ಕಣ್ಣಿಗೆ ಕಾಣೋ ಮುಂಚೆ ಕಾಗದದಲ್ಲಿ ಕಾಣುತ್ತೆ. ಇಲ್ಲಿ ಆಗದೇ ಇದ್ದಿದ್ದಕ್ಕೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿದೆ. 1958ರಿಂದ ನಡೀತಿದೆ.

— ಅಲ್ಲ ದೊಡ್ಡಪ್ಪ, ಬೇಜಾರು ಮಾಡ್ಕೋಬೇಡಿ. ಒಂದು ಜೊತೆ ಫಿಂಚ್ ಬೆಲೆಗಿಂತ ಹೆಬ್ಬಾಳಕ್ಕೆ ಹೋಗಿ ಬರೋ ಬಸ್ ಚಾರ್ಜೇ ಜಾಸ್ತಿ ಆಗುತ್ತಲ್ಲ. ಹೊಸಾ ಜೊತೆ ತಂದ್ರೆ ಆಯ್ತು ಅಂತ ಎಲ್ಲರೂ ಹೇಳೋದು ಅದಕ್ಕೇ.

— ಆ ಲೆಕ್ಕ ನನಗೂ ಗೊತ್ತು. ಕುರಿ ಸತ್ರೆ ಯಜಮಾನ ಅಳ್ತಾನೆ, ಯಾಕಂದ್ರೆ ಅದರಲ್ಲಿ ದುಡ್ಡಿದೆ. ಹಕ್ಕಿ ಸತ್ರೆ ‘ಮನೆ ಪೀಡೆ ಹೊತ್ಕೊಂಡು ಹೋಯ್ತು’ ಅಂತ ಸಮಾಧಾನ ಮಾಡ್ಕೊಳ್ತಾರೆ. ನಿಮ್ಮೂರಲ್ಲಂತೂ ಶನಿಮಹಾತ್ಮನ ಗುಡಿ ಇದೆ, ಪೀಡೆಗೆ ವಿಳಾಸ ಹುಡುಕೋದೇ ಬೇಡ. ಆದ್ರೆ ಪೀಡೆ ಎಲ್ಲಿಗೂ ಹೋಗಿರಲ್ಲ, ಅದೇ ಪಂಜರದಲ್ಲಿ ಇರುತ್ತೆ. ಹೊಸಾ ಜೊತೆ ತಂದು ಅದಕ್ಕೇ ಬಿಡ್ತಾರೆ, ಅವೂ ಸಾಯ್ತವೆ. ಮೂರು ಜೊತೆ ಬೆಲೆ ಕೂಡಿಸಿದ್ರೆ ಬಸ್ ಚಾರ್ಜ್ ದಾಟುತ್ತೆ. ಇದು ನಿನ್ನ ಲೆಕ್ಕದಲ್ಲೇ ಹೇಳಿದ್ದು. ನನ್ನ ಲೆಕ್ಕ ಬೇರೆ. ಕಾಡಲ್ಲಿರೋ ಹಕ್ಕಿ ತನ್ನ ಪಾಡು ತಾನು ನೋಡ್ಕೊಳ್ಳುತ್ತೆ, ಪಂಜರದ ಬಾಗಿಲು ಹಾಕಿದೋರು ಅದರ ಕಾಯಿಲೆಗೂ ಹೊಣೆ.

— ಹೊಸಾದು ತಂದಾಗ ಹಳೇದರ ಜೊತೆ ಬಿಡಬಾರದಾ?

— ಒಂದು ತಿಂಗಳು ಬೇರೆ ಕೋಣೇಲಿ ಇಡು. ಕಾಳು ನೀರು ಮೊದಲು ಹಳೇದಕ್ಕೆ, ಆಮೇಲೆ ಹೊಸದಕ್ಕೆ, ಆಮೇಲೆ ಕೈ ತೊಳಿ. ಬೆಂಗಳೂರಿನ ಶಿವಾಜಿನಗರದ ಮಾರ್ಕೆಟ್ಟಿನಿಂದ ರಟ್ಟಿನ ಡಬ್ಬೀಲಿ ಬಸ್ಸಲ್ಲಿ ಕೂತು ಬಂದ ಹಕ್ಕಿ ದಾರಿಯಲ್ಲೇ ಅರ್ಧ ಸೊರಗಿರುತ್ತೆ, ಜೊತೆಗೆ ಎಷ್ಟು ಊರಿನ ಹಕ್ಕಿಗಳ ಉಸಿರು ಕುಡಿದಿರುತ್ತೋ.

— ಕಾಳಿನ ವಿಷಯ ಹೇಳಿ. ಅಂಗಡೀಲಿ ‘ಫಿಂಚ್ ಮಿಕ್ಸ್’ ಅಂತ ಪ್ಯಾಕೆಟ್ ಸಿಗುತ್ತೆ, ದುಬಾರಿ.

— ಅದನ್ನ ಬಿಡಿಸಿ ನೋಡು, ಅದರಲ್ಲಿರೋದು ಬಹುಪಾಲು ನಮ್ಮ ನವಣೆ, ಸಾಮೆಯಂಥವೇ. ನಿಮ್ಮಜ್ಜಿ ಹೊಲದಲ್ಲಿ ಬೆಳೀತಿದ್ದದ್ದಕ್ಕೆ ನೀನು ಬಣ್ಣದ ಪ್ಯಾಕೆಟ್ಟಿನ ದುಡ್ಡು ಕೊಡ್ತಿದ್ದೀಯ. ಸಿಪ್ಪೆ ಸಮೇತದ ನವಣೆ, ಸಾಮೆ ತಗೊ. ನವಣೆ ತೆನೆ ಸಿಕ್ಕಿದ್ರೆ ತೆನೆಯನ್ನೇ ಕಟ್ಟು, ಕಾಯಿಲೆ ಹಕ್ಕಿ ಬೇರೇನೂ ಮುಟ್ಟದಿದ್ರೂ ತೆನೆ ಕುಕ್ಕುತ್ತೆ. ಬೆಳವ ಸಿಪ್ಪೆ ಸುಲಿಯಲ್ಲ, ಇಡಿಯಾಗಿ ನುಂಗುತ್ತೆ. ಅದಕ್ಕೇ ಅರೆಯೋಕೆ ಒಂದಿಷ್ಟು ದಪ್ಪ ಮರಳು ಬೇಕು. ಸುಣ್ಣದಂಶಕ್ಕೆ ಗ್ರಂಧಿಗೆ ಅಂಗಡೀಲಿ ಸಮುದ್ರ ನೊರೆ ಕೇಳು, ಪೆಟ್ ಅಂಗಡಿಯವರು ‘ಕಟಲ್ ಬೋನ್’ ಅಂತ ಮಾರೋದೂ ಅದೇ. ಇಲ್ಲಾಂದ್ರೆ ಮೊಟ್ಟೆ ಚಿಪ್ಪು ಚೆನ್ನಾಗಿ ಕುದಿಸಿ, ಒಣಗಿಸಿ, ಪುಡಿ ಮಾಡಿ ಇಡು. ಮೊಟ್ಟೆ ಇಡೋ ಹೆಣ್ಣಿಗೆ ಸುಣ್ಣದಂಶ ಸಾಲದಿದ್ರೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುತ್ತೆ. ತಳದಲ್ಲಿ ಕೂತು ಬಾಲ ಅದುರಿಸ್ತಾ ಮುಕ್ಕುತ್ತೆ. ಅದಕ್ಕೆ ಆ ಕ್ಷಣದಿಂದ ಶಾಖ ಬೇಕು, ಪಂಜರದ ಪಕ್ಕ ಬಿಸಿನೀರಿನ ಹಬೆಯ ತೇವ ಬೇಕು, ಕೆಲವು ಗಂಟೆಯೊಳಗೆ ಮೊಟ್ಟೆ ಬರದಿದ್ರೆ ಡಾಕ್ಟರು ಬೇಕು. ಹೊಟ್ಟೆ ಒತ್ತಿದ್ರೆ ಮೊಟ್ಟೆ ಒಳಗೇ ಒಡೆದು ಹಕ್ಕಿ ಹೋಗುತ್ತೆ.

— ನಮ್ಮ ಫಿಂಚ್‌ಗಳು ವರ್ಷವೆಲ್ಲ ಮೊಟ್ಟೆ ಇಡ್ತಾನೇ ಇರ್ತವೆ.

— ಕುಡಿಕೆ ಕಟ್ಟಿದ್ರೆ ಇಡದೇ ಏನು ಮಾಡ್ತವೆ? ಗೂಡಿನ ಕುಡಿಕೆ ತೆಗೆದುಬಿಡು, ಕೆಲವು ತಿಂಗಳು ಆ ಹೆಣ್ಣಿಗೆ ಬಿಡುವು ಕೊಡು. ಕಡಲೆಕಾಯಿ ವಿಷಯ ಮರೆತಿದ್ದೆ. ಪಾವಗಡ, ಮಧುಗಿರಿ ಕಡಲೆಕಾಯಿ ನಾಡು, ಉದುರಿದ್ದನ್ನ, ಹಿಂಡಿ ಪುಡೀನ ಹಕ್ಕಿಗೆ ಹಾಕ್ತಾರೆ. ಬೂಷ್ಟು ಬಂದ ಕಡಲೆಕಾಯಿಯಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರುತ್ತೆ. ಆ ವಿಷ ಜಗತ್ತಿಗೆ ಗೊತ್ತಾಗಿದ್ದೇ ಹಕ್ಕಿಗಳಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಬ್ರೆಜಿಲ್ ಕಡಲೆ ಹಿಂಡಿ ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಸತ್ತವು, ಕಾರಣ ಹುಡುಕಿದಾಗ ಸಿಕ್ಕಿದ್ದು ಇದು. ಮೂಸಿ ನೋಡಿದಾಗ ಮುಗ್ಗು ಅನ್ನಿಸಿದ್ದು ಹಕ್ಕಿಗೂ ಬೇಡ, ನಿನಗೂ ಬೇಡ.

— ಕತ್ತು ತಿರುಚ್ಕೊಂಡು ಗಿರಗಿರ ಸುತ್ತೋ ಪಾರಿವಾಳ ನೋಡಿದ್ದೆ ಕೊರಟಗೆರೇಲಿ. ಸಿದ್ದರಬೆಟ್ಟದ ಸೊಪ್ಪು ಅರೆದು ಬಾಯಿಗೆ ಹಿಂಡ್ತಿದ್ರು.

— ನಾಟಿ ಕೋಳಿಗೆ ಬರೋ ಕೊಕ್ಕರೆ ರೋಗದ ವೈರಸ್ಸಿನದೇ ಒಂದು ತಳಿ ಅದು. ವೈರಸ್ಸಿಗೆ ಔಷಧಿ ಇಲ್ಲ. ಆದ್ರೆ ಬೇರೆ ಇಟ್ಟು, ಬೆಚ್ಚಗಿಟ್ಟು, ಆಳದ ಬಟ್ಟಲಲ್ಲಿ ಕಾಳು ಕೊಟ್ಟು ವಾರಗಟ್ಟಲೆ ಕಾದ್ರೆ ಎಷ್ಟೋ ಉಳಿತವೆ. ಅವಕ್ಕೆ ಗುರಿ ತಪ್ಪುತ್ತೆ, ಚಪ್ಪಟೆ ತಟ್ಟೆಯಿಂದ ಹೆಕ್ಕೋಕಾಗಲ್ಲ. ಸಿದ್ದರಬೆಟ್ಟದ ಗಿಡಮೂಲಿಕೆ ಬಗ್ಗೆ ನನಗೆ ತಕರಾರಿಲ್ಲ, ಬಾಯಿಗೆ ಹಿಂಡೋದರ ಬಗ್ಗೆ ಇದೆ. ಹಕ್ಕಿಯ ಉಸಿರಿನ ನಾಳದ ಬಾಯಿ ನಾಲಿಗೆ ಬುಡದಲ್ಲೇ ತೆರೆದಿರುತ್ತೆ. ಮೇಲಿಂದ ರಸ ಬಿಟ್ರೆ ನೇರ ಶ್ವಾಸಕ್ಕೆ ಇಳಿಯುತ್ತೆ. ನೀರಾದ್ರೂ ಅಷ್ಟೆ. ಕೊಕ್ಕಿನ ಅಂಚಿಗೆ ಒಂದು ಹನಿ ತಾಗಿಸು, ಅದೇ ಹೀರ್ಕೊಳ್ಳಲಿ. ಹಿಡಿಯೋವಾಗಲೂ ಎದೆ ಒತ್ತಬೇಡ. ಹಕ್ಕಿಗೆ ನಮ್ಮ ಹಾಗೆ ವಪೆ ಇಲ್ಲ, ಎದೆಮೂಳೆ ಎದ್ದು ಇಳಿದ್ರೆ ಮಾತ್ರ ಉಸಿರು. ಬಿಗಿ ಹಿಡಿದ್ರೆ ಕೈಯಲ್ಲೇ ಉಸಿರು ಕಟ್ಟುತ್ತೆ. ಹೊಗೆಯೂ ಹಾಗೇ. ಸೊಳ್ಳೆ ಬತ್ತಿ, ಸಾಂಬ್ರಾಣಿ ಇರೋ ಕೋಣೇಲಿ ಪಂಜರ ಬೇಡ. ನಾನ್‌ಸ್ಟಿಕ್ ಬಾಣಲೆ ಕಾದು ಸೀದ್ರೆ ಏಳೋ ಆವಿ ನಮಗೆ ಬರೀ ಕೆಮ್ಮು, ಅದಕ್ಕೆ ನಿಮಿಷಗಳಲ್ಲಿ ಸಾವು.

— ಅವುಗಳಿಂದ ನಮಗೆ ಏನಾದ್ರೂ ಬರುತ್ತಾ? ಅಮ್ಮ ದಿನಾ ಅದೇ ಜಗಳ ತೆಗೀತಾರೆ.

— ನಿಮ್ಮಮ್ಮ ಹೇಳೋದರಲ್ಲಿ ಹುರುಳಿದೆ. ಸಿಟಕೋಸಿಸ್ ಅನ್ನೋ ಜ್ವರ ಹಕ್ಕಿಯಿಂದ ಮನುಷ್ಯರಿಗೆ ಬರುತ್ತೆ, ನ್ಯುಮೋನಿಯಾ ಆಗುತ್ತೆ. ಪಾರಿವಾಳದ ಪುಕ್ಕದ ಧೂಳು ವರ್ಷಗಟ್ಟಲೆ ಕುಡಿದ್ರೆ ಶ್ವಾಸಕೋಶ ಗಟ್ಟಿಯಾಗೋದೂ ಉಂಟು. ಒಣ ಹಿಕ್ಕೆ ಗುಡಿಸಬೇಡ, ನೀರು ಚಿಮುಕಿಸಿ ಒರೆಸು, ಮೂಗಿಗೆ ಬಟ್ಟೆ ಕಟ್ಟು. ಮಲಗೋ ಕೋಣೆಯಿಂದ ಪಂಜರ ಆಚೆ ಇಡು. ಜ್ವರ ಬಂದು ಡಾಕ್ಟರ ಹತ್ರ ಹೋದಾಗ ‘ಮನೇಲಿ ಹಕ್ಕಿ ಇದೆ’ ಅಂತ ಹೇಳೋದು ಮರೀಬೇಡ.

— ಕಳೆದ ವಾರ ಒಬ್ಬ ಹುಡುಗ ಶಾಲೆಗೆ ಬೆಳವದ ಮರಿ ತಂದಿದ್ದ, ಜಾಲಿ ಮರದ ಬುಡದಲ್ಲಿ ಬಿದ್ದಿತ್ತಂತೆ. ಸಾಕೋಣ ಅಂತ ಎಲ್ಲರ ಆಸೆ.

— ಬೆಳವ ನಾಲ್ಕು ಕಡ್ಡಿ ಅಡ್ಡಡ್ಡ ಇಟ್ಟು ಗೂಡು ಅಂತ ಕರ್ಕೊಳ್ಳುತ್ತೆ, ಮರಿ ಬೀಳದೇ ಇರುತ್ತಾ? ಗಾಯ ಇಲ್ಲದಿದ್ರೆ ಅದೇ ಮರಕ್ಕೆ ಬುಟ್ಟಿ ಕಟ್ಟಿ ಅದರಲ್ಲಿಡಿ. ಮನುಷ್ಯರು ಮುಟ್ಟಿದ್ರೆ ತಾಯಿ ಬಿಟ್ಟುಬಿಡುತ್ತೆ ಅನ್ನೋದು ಸುಳ್ಳು. ಗಾಯ ಆಗಿದ್ರೆ ಅರಣ್ಯ ಇಲಾಖೆಯವರಿಗೆ ತಿಳಿಸಿ. ನಮ್ಮ ನೆಲದ ಬೆಳವ, ರಾಟವಾಳ ಮುನಿಯ ಇವನ್ನೆಲ್ಲ ಸಾಕೋದು, ಮಾರೋದು 1972ರ ವನ್ಯಜೀವಿ ಕಾಯ್ದೆಗೆ ವಿರುದ್ಧ. ಬಣ್ಣ ಬಳಿದು ‘ಫಾರಿನ್ ಫಿಂಚ್’ ಅಂತ ಮುನಿಯ ಮಾರೋರೂ ಇದ್ದಾರೆ, ಕೊಳ್ಳಬೇಡ. ನಿನ್ನ ಆಸ್ಟ್ರೇಲಿಯಾದ ಹಕ್ಕಿಗೆ ಕಾಯಿಲೆ ಅಂತ ಹೊರಗೆ ಹಾರಿಬಿಡೋದೂ ತಪ್ಪು. ಅದು ಬದುಕಲ್ಲ, ಕಾಯಿಲೆ ಮಾತ್ರ ಕಾಡಿನ ಹಕ್ಕಿಗೆ ಹೋಗುತ್ತೆ.

— ಒಟ್ಟಿನಲ್ಲಿ ಸಾಕೋದೇ ಬೇಡ ಅಂತೀರಾ?

— ನನ್ನನ್ನ ಕೇಳಿದ್ರೆ ಶಿರಾ ತಾಲ್ಲೂಕಿನ ಕಗ್ಗಲಡು ನೋಡು ಅಂತೀನಿ. ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲಿ ಗೂಡು ಕಟ್ತವೆ, ಊರಿನೋರೇ ಕಾಯ್ತಾರೆ, ಪಂಜರ ಅಂತ ಒಂದೂ ಇಲ್ಲ. ಹಕ್ಕಿ ಸಾಕೋದು ಅಂದ್ರೆ ನನ್ನ ಮಟ್ಟಿಗೆ ಅದು. ಆದ್ರೆ ನಿನ್ನ ಮನೇಲಿ ಈಗಾಗಲೇ ಇವೆ, ಅವಕ್ಕೆ ಕಗ್ಗಲಡು ಗೊತ್ತಿಲ್ಲ, ನೀನೇ ಗೊತ್ತು. ಅವು ಇರೋವರೆಗೆ ನೋಡ್ಕೊ, ಮುಂದೆ ಹೊಸದು ತರಬೇಡ.

— ಇಷ್ಟು ಮಾಡಿಯೂ ಸತ್ರೆ?

— ಸಾಯ್ತವೆ. ತಿಪ್ಪೆಗೆ ಎಸೀಬೇಡ, ನಾಯಿ ಬೆಕ್ಕು ಎಳೆದಾಡ್ತವೆ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಐಸ್ ಹಾಕಿದ ಥರ್ಮಾಕೋಲ್ ಡಬ್ಬೀಲಿಟ್ಟು ಅವತ್ತೇ ತಾಲ್ಲೂಕು ಆಸ್ಪತ್ರೆಗೆ ತಗೊಂಡು ಹೋಗು. ಕೊಯ್ದು ನೋಡಿದ್ರೆ ಉಳಿದ ಹಕ್ಕಿಗಳಿಗೆ ಏನು ಕೊಡ್ಬೇಕು ಅಂತ ಗೊತ್ತಾಗುತ್ತೆ. ಅದಾಗದಿದ್ರೆ ಆಳಕ್ಕೆ ಹೂತು ಸುಣ್ಣ ಹಾಕು. ಆದ್ರೆ ಒಂದೆರಡು ದಿನದಲ್ಲಿ ನಾಲ್ಕಾರು ಒಟ್ಟಿಗೆ ಸತ್ರೆ, ಇಲ್ಲಾ ಪಕ್ಕದ ಮನೆ ಕೋಳಿಗಳೂ ಸಾಯೋಕೆ ಶುರುವಾದ್ರೆ, ಬರಿಗೈಯಲ್ಲಿ ಮುಟ್ಟಬೇಡ, ಯಾರಿಗೂ ಮಾರಬೇಡ, ಕೊಡಬೇಡ. 2012ರಲ್ಲಿ ಹೆಸರಘಟ್ಟದ ಕೋಳಿ ಕೇಂದ್ರಕ್ಕೆ ಹಕ್ಕಿಜ್ವರ ಬಂದಿತ್ತು, ಅದು ನಮ್ಮ ನಾಲ್ಕು ತಾಲ್ಲೂಕಿಗೆ ದೂರದ ಜಾಗ ಅಲ್ಲ. ತಕ್ಷಣ ಪಶುಪಾಲನಾ ಇಲಾಖೆಗೆ ಫೋನ್ ಮಾಡು, ನಂಬರ್ 1962. ಪಂಜರದ ಮೇಲೆ ಬರೆದು ಅಂಟಿಸು.